ದನಿಯವರ ಹೆಸರು ಹಾಕಿ

ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಮಗ ಚಾವಣನ ಹೆಸರೂ ಇದೆ. ಕೆತ್ತಿದವನು ನಾನು ಎಂದು ಹೇಳಿಕೊಳ್ಳಲು 900 ವರ್ಷಗಳ ಹಿಂದೆ ಅವರಿಗೆ ಸಂಕೋಚವಿರಲಿಲ್ಲ. ಈಗ ಅದೇ ಜಿಲ್ಲೆಯ ಅರಸೀಕೆರೆಯಲ್ಲಿ ಹಳೇ ಸಿನಿಮಾ ಹುಚ್ಚಿನವರನ್ನು ಹಿಡಿದು ಕೇಳಿ: ಕನ್ನಡ ಚಿತ್ರಗಳಲ್ಲಿ ಮಾಧವಿ, ಜಯಪ್ರದಾ ಮಾತಾಡಿದ್ದು ಯಾರ ದನಿಯಲ್ಲಿ? ಕಥೆ, ಹಾಡು, ಫೈಟು ಎಲ್ಲ ಹೇಳಿಯಾರು. ಇದಕ್ಕೆ ತಲೆ ಕೆರೆದುಕೊಳ್ಳುತ್ತಾರೆ.

ಬಿ. ಜಯಶ್ರೀ ಅವರ ದನಿ ಅದು. ಅರಸೀಕೆರೆಯಿಂದ ಬೆಂಗಳೂರಿಗೆ ರೈಲು ಹತ್ತಿದರೆ ನಡುವೆ ಸಿಗುವ ಗುಬ್ಬಿಯ ವೀರಣ್ಣನವರ ಮೊಮ್ಮಗಳು, ‘ಸ್ಪಂದನ’ ತಂಡ ಕಟ್ಟಿದವರು, 2013ರ ಪದ್ಮಶ್ರೀ. ರಂಗಭೂಮಿಯವರೆಂದು ಅವರಿಗೆ ಹಾರ ಹಾಕುವ ನಾವು ಆ ಕಂಠದುಡಿಮೆಯನ್ನು ಅಡಿಟಿಪ್ಪಣಿಗೆ ತಳ್ಳಿದ್ದೇವೆ.

ದನಿ ಬೇರೆಯವರದೆಂದು ತಿಳಿದರೆ ಪ್ರೇಕ್ಷಕರ ಭ್ರಮೆ ಒಡೆಯುತ್ತದಂತೆ! ಹಾಡಿನಲ್ಲಿ ಯಾಕೆ ಒಡೆಯಲಿಲ್ಲ? ನಾಯಕಿ ತುಟಿಯಾಡಿಸುವಾಗ ಹಾಡುತ್ತಿರುವುದು ಎಸ್. ಜಾನಕಿ ಎಂದು ಮಕ್ಕಳಿಗೂ ಗೊತ್ತಿತ್ತು. ಅದಕ್ಕಾಗಿ ಯಾರೂ ಟಾಕೀಸಿನಿಂದ ಎದ್ದು ಹೋಗಲಿಲ್ಲ. ನಾಲ್ಕು ನಿಮಿಷ ಹಾಡಿದವರ ಹೆಸರು ಕ್ಯಾಸೆಟ್ಟಿನ ಮೇಲೆ. ಇಡೀ ಚಿತ್ರ ಅತ್ತು, ನಕ್ಕು, ಗದರಿದವರದು ನಮ್ಮ ನೆನಪಿನಲ್ಲೂ ಇಲ್ಲ.

2020ರ ಲಾಕ್‌ಡೌನಿನಲ್ಲಿ ಹಿಂದಿಯ ‘ಮಹಾಭಾರತ’ ಟಿವಿಯಲ್ಲಿ ಕನ್ನಡ ಮಾತಾಡಿತು. ಡಬ್ಬಿಂಗ್ ಬೇಕು, ಬೇಡ ಎಂದು ವರ್ಷಗಟ್ಟಲೆ ಕಿತ್ತಾಡಿದ ಎರಡು ಪಾಳಯಗಳಲ್ಲಿ ಎಷ್ಟು ಜನ ದ್ರೌಪದಿಗೆ ಕನ್ನಡ ಕೊಟ್ಟ ಹೆಣ್ಣುಮಗಳು ಯಾರೆಂದು ಕೇಳಿದರು? ಭಾಷೆಯ ಜಗಳಕ್ಕೆ ಗಂಟಲು ಬೇಕು, ಗಂಟಲಿನವರು ಬೇಡ.

ನಿರ್ಮಾಪಕರಿಗೆ ಇದರಲ್ಲಿ ಒಂದು ಪೈಸೆ ಖರ್ಚಿಲ್ಲ. ನಾಯಕಿಯ ಹೆಸರಿನ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ, ದನಿ ಯಾರದೆಂದು ಹಾಕಿ. ಓದುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸಿ.