ಹೊಳೆ ದಂಡೆ, ಸಂಜೆ

ಈ ಸಂಚಿಕೆಯನ್ನು ಕಿರುಚಿತ್ರದ ಕಥೆಗಳಿಗೆ ಮೀಸಲಿಟ್ಟಿದ್ದೆವು. ಬಂದ ಬರಹಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಎದುರಾಯಿತು: ‘ಹೊಳೆ ದಂಡೆ. ಸಂಜೆ.’ ಅಷ್ಟೇ. ಯಾವ ಹೊಳೆ, ಯಾವ ದಂಡೆ? ಅದನ್ನು ಕ್ಯಾಮೆರಾದವರು ನೋಡಿಕೊಳ್ಳುತ್ತಾರೆ ಎಂಬ ಧೈರ್ಯ.

ಅಂಥದೊಂದು ದೃಶ್ಯದಲ್ಲಿ ಅಪ್ಪ ಮಗನಿಗೆ ‘ಗದ್ದೆ ಮಾರ್ಬುಟ್ಟೆ ಕಣ್ಲಾ’ ಅನ್ನುತ್ತಾನೆ. ಮಗ ಸಿಟ್ಟಿನಿಂದ ಎದ್ದು ಹೋಗುತ್ತಾನೆ. ಇದನ್ನು ನಂಜನಗೂಡಿನ ಸ್ನಾನಘಟ್ಟಕ್ಕೆ ಒಯ್ದು ನೋಡಿ. ನಂಜುಂಡನಿಗೆ ಮುಡಿ ಕೊಟ್ಟು, ಕಪಿಲೆಯಲ್ಲಿ ಮುಳುಗಿ ಎದ್ದ ಅಪ್ಪನ ಬೋಳುತಲೆಯಿಂದ ನೀರು ಇಳಿಯುತ್ತಿದೆ. ಹುಟ್ಟಿದಾಗಿನಿಂದ ಕಂಡ ಮುಖ ಮಗನಿಗೆ ಇವತ್ತು ಬೇರೆ ಯಾರದೋ ಅನ್ನಿಸುತ್ತಿದೆ. ಸುತ್ತ ಒದ್ದೆ ಬಟ್ಟೆ ಹಿಂಡುವವರು, ಮಕ್ಕಳನ್ನು ಕೂಗಿ ಕರೆಯುವವರು. ಆ ಗದ್ದಲದಲ್ಲಿ ಅಪ್ಪ ಮಾತನ್ನು ಎರಡು ಸಲ ಹೇಳಬೇಕು, ಎರಡನೇ ಸಲ ಜೋರಾಗಿ. ಮನೆಯ ಗುಟ್ಟು ಹತ್ತು ಜನರ ಕಿವಿಗೆ ಬಿತ್ತು. ಬರೆದವರು ಯೋಚಿಸಿಯೇ ಇರದ ಅವಮಾನವನ್ನು ಜಾಗವೇ ತಂದುಕೊಟ್ಟಿತು.

ಅದೇ ಕಪಿಲೆ ಕೆಳಕ್ಕೆ ಹರಿದು ಟಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮಕ್ಕೆ ಜನ ಅಸ್ಥಿ ಬಿಡಲೂ ಬರುತ್ತಾರೆ. ಅಲ್ಲಿ ಅಪ್ಪ ಮಗ ಅಕ್ಕಪಕ್ಕ ನಿಂತು, ಒಬ್ಬನ ಕೈಯಲ್ಲಿ ಪುಟ್ಟ ಮಡಕೆ ಇದ್ದರೆ ಸಾಕು. ಗದ್ದೆ ಯಾಕೆ ಹೋಯಿತು, ಯಾರ ಆಸ್ಪತ್ರೆ ಖರ್ಚಿಗೆ ಹೋಯಿತು ಎಂಬುದು ನೋಡುವವರಿಗೆ ಹೊಳೆದುಬಿಡುತ್ತದೆ. ಅರ್ಧ ಸಂಭಾಷಣೆಯನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಬಹುದು.

ಅದೇ ತಾಲ್ಲೂಕಿನ ತಲಕಾಡಿಗೆ ಹೋದಿರೋ, ಕೆಟ್ಟಿರಿ. ಅಲ್ಲಿನ ಮರಳಿನಲ್ಲಿ ಸಿಟ್ಟಿನಿಂದ ಎದ್ದು ಹೋಗಲು ಆಗುವುದಿಲ್ಲ. ಕಾಲು ಹೂತು, ಚಪ್ಪಲಿ ಕೈಗೆ ಬಂದು, ಮಗನ ಕೋಪ ನಗೆಪಾಟಲಾಗುತ್ತದೆ. (ಹಾಸ್ಯ ಬೇಕಾದವರು ಇಲ್ಲಿಗೇ ಬರಲಿ.)

ಜಾಗ ನೋಡಿ ಕಥೆ ಕತ್ತರಿಸುವ ವಿದ್ಯೆ ಸಿನಿಮಾದವರದೇ ಅಲ್ಲ. ಸೋಮನಾಥಪುರದ ಕೇಶವ ದೇವಾಲಯ ಹದಿಮೂರನೇ ಶತಮಾನದ್ದು. ಪೂರ್ವದ ಬಾಗಿಲಿನಿಂದ ಬಂದು ಗುಡಿಯನ್ನು ಬಲಕ್ಕಿಟ್ಟು ಸುತ್ತುವವರಿಗೆ ಮೊದಲು ಸಿಗುವ ದಕ್ಷಿಣದಲ್ಲಿ ರಾಮಾಯಣ, ಹಿಂಬದಿಯಲ್ಲಿ ಭಾಗವತ, ಉತ್ತರದಲ್ಲಿ ಮಹಾಭಾರತ. ಗೋಡೆ ನಕ್ಷತ್ರದ ಹಾಗೆ ಮಡಿಕೆ ಮಡಿಕೆ. ಒಂದು ಮೂಲೆ ತಿರುಗುವವರೆಗೆ ಮುಂದಿನ ಘಟನೆ ಕಾಣದು. ಶಿಲ್ಪಿ ಮಲ್ಲಿತಮ್ಮನೂ ಅವನ ಜೊತೆಯವರೂ ಆ ಮೂಲೆಗಳನ್ನು ಅಡ್ಡಿ ಎಂದುಕೊಂಡಿರಲಾರರು. ಕಥೆಗೆ ಉಸಿರು ಬಿಡುವ ಜಾಗ ಅವೇ ತಾನೆ?

ನಮ್ಮ ಕಾಲದ ಉದಾಹರಣೆ ಬೇಕಿದ್ದರೆ ಪಕ್ಕದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ‘ತಿಥಿ’ ಸಿನಿಮಾ ಅಲ್ಲಿಯದು. ನಿರ್ದೇಶಕ ರಾಮ್ ರೆಡ್ಡಿಯವರೊಂದಿಗೆ ಕಥೆ ಬರೆದ ಈರೇಗೌಡರಿಗೆ ಅದು ಸ್ವಂತ ಊರು. ನಟಿಸಿದವರೂ ಹಳ್ಳಿಯ ಜನರೇ. ಗಡ್ಡಪ್ಪ ಸುಮ್ಮನೆ ನಡೆಯುತ್ತಲೇ ಇರುತ್ತಾನಲ್ಲ, ಆ ಬದುಗಳನ್ನೂ ಓಣಿಗಳನ್ನೂ ತೆಗೆದುಬಿಟ್ಟರೆ ಅವನ ಪಾತ್ರದಲ್ಲಿ ಉಳಿಯುವುದು ಸ್ವಲ್ಪವೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂದಾಗ, ಅದರಲ್ಲೊಂದು ಪಾಲು ಆ ಬದುಗಳಿಗೂ ಸಲ್ಲಬೇಕಿತ್ತು.

ಬಂದ ಕಥೆಗಳಲ್ಲಿ ಕೆಲವನ್ನು ವಾಪಸು ಕಳಿಸುತ್ತಿದ್ದೇವೆ, ಬೇಸರ ಬೇಡ. ಅಂಚಿನಲ್ಲಿ ಪೆನ್ಸಿಲಿನಿಂದ ಮೂರೇ ಪ್ರಶ್ನೆ ಬರೆದಿದ್ದೇವೆ: ಯಾವ ಹೊಳೆ? ಎಷ್ಟನೇ ಮೆಟ್ಟಿಲು? ನೀರು ಎಲ್ಲಿಯವರೆಗೆ ಬಂದಿತ್ತು?