ಗಂಜಿನೀರಿನಿಂದಲೂ ಒಲೆ ಉರಿಯುತ್ತದೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಿಗೆ ಗೋಬರ್ ಗ್ಯಾಸ್ ಹೊಸದಲ್ಲ. ಇದಕ್ಕೆ ಸಾಲ ಒದಗಿಸಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಗೆ 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಯೂ ಬಂದಿತ್ತು. ‘ನಮ್ಮಲ್ಲಿ ದನವೇ ಇಲ್ಲವಲ್ಲ’ ಎನ್ನುವ ಸಹೋದರಿಯರೇ, ಅಡುಗೆಮನೆಯ ಕಸದಿಂದಲೂ ಗ್ಯಾಸ್ ಆಗುತ್ತದೆ. ಆರಂಭಕ್ಕೆ ಮಾತ್ರ ನೆರೆಮನೆಯ ಸೆಗಣಿ ಬೇಕು. ಗ್ಯಾಸ್ ಮಾಡುವ ಜೀವಾಣುಗಳಿರುವುದು ಅದರಲ್ಲೇ. ಆಮೇಲೆ ಗಂಜಿನೀರು, ಹಳಸಿದ ಅನ್ನ, ಮೀನು ತೊಳೆದ ನೀರು ಸಾಕು. ಎಲುಬು, ಮೊಟ್ಟೆ ಸಿಪ್ಪೆ, ತೆಂಗಿನ ನಾರು, ಸಾಬೂನು ನೀರು ಬೇಡ. ಮದುವೆಯ ಮರುದಿನ ಉಳಿದ ಬಿರಿಯಾನಿಯನ್ನೆಲ್ಲ ಒಮ್ಮೆಲೇ ಸುರಿದರೆ ಟ್ಯಾಂಕ್ ಹುಳಿಯಾಗಿ ಗ್ಯಾಸೇ ನಿಲ್ಲುತ್ತದೆ. ಅಷ್ಟಕ್ಕೂ, ತಿನ್ನಲು ಯೋಗ್ಯವಾದ ಬಿರಿಯಾನಿ ಹಸಿದವರ ಹಕ್ಕು. ಅದನ್ನು ಟ್ಯಾಂಕಿಗೆ ಸುರಿದರೂ ಇಸ್ರಾಫ್ ಇಸ್ರಾಫೇ. ಹೊರಬರುವ ಸ್ಲರಿಯನ್ನು ನೀರು ಬೆರೆಸಿ ಬಸಳೆಯ ಬುಡಕ್ಕೆ ಹಾಕಿ.