ಬಿಲ್ಲಿಲ್ಲದ ಅಡಿಕೆ

ಅಡಿಕೆ ಮೇಲಿನ ಶೇ 5ರ ಜಿಎಸ್‌ಟಿ ಇಳಿಸಿ ಎಂಬ ಕೂಗು ಮಲೆನಾಡಿನಲ್ಲಿ ಆಗಾಗ ಏಳುತ್ತದೆ. ಇಳಿದರೆ ಒಳ್ಳೆಯದೇ. ಆದರೆ ಅಷ್ಟರಿಂದಲೇ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಸೀಮೆಯ ‘ಜೀರೋ’, ಅಂದರೆ ಬಿಲ್ಲಿಲ್ಲದ, ವ್ಯಾಪಾರ ನಿಂತುಹೋಗುತ್ತದೆ ಎಂದು ನಂಬುವುದು ತಪ್ಪು.

ಕ್ವಿಂಟಲ್ ‘ರಾಶಿ’ ದರ್ಜೆಯ ಅಡಿಕೆಗೆ 50,000 ರೂಪಾಯಿ ಎಂದು ಹಿಡಿಯಿರಿ. ತೆರಿಗೆ 2,500. ತಾನು ಬೆಳೆದದ್ದನ್ನು ಮಾರುವ ರೈತ ಜಿಎಸ್‌ಟಿಗೆ ನೋಂದಾಯಿಸಿಕೊಳ್ಳಬೇಕಿಲ್ಲ. ತೆರಿಗೆ ಶುರುವಾಗುವುದು ವ್ಯಾಪಾರಿಯಿಂದ. ಆ 2,500ನ್ನೂ ಅಡಿಕೆ ಕೊಳ್ಳುವ ಪಾನ್ ಮಸಾಲ ತಯಾರಕ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಪ್ರಾಮಾಣಿಕನಿಗೆ ಅದು ಹೊರೆಯೇ ಅಲ್ಲ. ಹಾಗಿದ್ದರೂ ಬಿಲ್ಲಿಲ್ಲದ ಮಾಲೇ ಬೇಕೆನ್ನುವವನ ಕಣ್ಣಿರುವುದು ತಾನು ತಯಾರಿಸಿದ ಮಾಲಿನ ತೆರಿಗೆಯ ಮೇಲೆ. ಹಿಂದೆ ಅದು ಶೇ 28 ಮತ್ತು ಅದರ ಮೇಲೆ ಭಾರೀ ಸೆಸ್. ಹತ್ತು ಚೀಲ ಅಡಿಕೆ ಕೊಂಡದ್ದಕ್ಕೆ ಕಾಗದವಿದ್ದರೆ ಹತ್ತು ಚೀಲದಿಂದ ಆದ ಮಾಲಿಗೂ ಲೆಕ್ಕ ಕೊಡಬೇಕಾಗುತ್ತದೆ. ಅದಕ್ಕೇ ಕಾಗದವೇ ಬೇಡ. ದೂರದ ಕಾರ್ಖಾನೆಯ ಮೇಲೆ ಹೇರಿದ ತೆರಿಗೆ ನಮ್ಮ ಅಂಗಳದ ವ್ಯಾಪಾರದ ರೀತಿಯನ್ನು ಬದಲಿಸುವುದು ಹೀಗೆ.

ಇದರ ಪೆಟ್ಟು ಬೀಳುವುದು ಸಹಕಾರಿ ಸಂಘಗಳಿಗೆ. ಮ್ಯಾಮ್ಕೋಸ್, ಕ್ಯಾಂಪ್ಕೊದಂಥವು ಬಿಲ್ ಹಾಕದೆ ಒಂದು ಚೀಲವನ್ನೂ ಕೊಳ್ಳಲಾರವು. ತೆರಿಗೆ ತಪ್ಪಿಸಿದ ಹಣದಲ್ಲೇ ಒಂದು ಪಾಲನ್ನು ಹೆಚ್ಚುವರಿ ದರವಾಗಿ ಕೊಡಬಲ್ಲವನ ಎದುರು ಅವು ಸೋಲುತ್ತವೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗದಿಂದ ಬಸವಳಿದ ಬೆಳೆಗಾರ ನಾಲ್ಕು ಕಾಸು ಹೆಚ್ಚು ಸಿಗುವಲ್ಲಿ ಮಾರಿದರೆ ಅವನನ್ನು ದೂರುವ ಮನಸ್ಸು ನಮಗಿಲ್ಲ. ಆದರೆ ಹಾಗೆ ಬಿಲ್ಲಿಲ್ಲದೆ ಮಾರಿದ ಅಡಿಕೆ ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅವನ ಪರ ಸಾಕ್ಷಿ ಹೇಳುವುದಿಲ್ಲ. ಹಣ ಕೊಡದೆ ವ್ಯಾಪಾರಿ ಕೈಯೆತ್ತಿದರೆ ದೂರು ಕೊಡಲೂ ಚೀಟಿಯಿರುವುದಿಲ್ಲ.

2026ರ ಫೆಬ್ರುವರಿ 1ರಿಂದ ಪಾನ್ ಮಸಾಲಕ್ಕೆ ಶೇ 40 ಜಿಎಸ್‌ಟಿ. ಜೊತೆಗೆ ಯಂತ್ರದ ಸಾಮರ್ಥ್ಯ ನೋಡಿ ವಿಧಿಸುವ ಹೊಸ ಸೆಸ್. ಎಷ್ಟು ಪೊಟ್ಟಣ ತಯಾರಾಯಿತು ಎಂದು ಕೇಳದೆ, ಯಂತ್ರ ಎಷ್ಟು ವೇಗದ್ದು ಎಂದು ಕೇಳುವ ತೆರಿಗೆ ಇದು. ಉತ್ಪಾದನೆ ಬಚ್ಚಿಟ್ಟರೂ ಈ ಸೆಸ್ ಕಡಿಮೆಯಾಗದು. ಈ ಭಾಗ ಸರಿಯಾದ ಹೆಜ್ಜೆ. ಆದರೆ ಜಿಎಸ್‌ಟಿ ಇಂದಿಗೂ ಮಾರಿದ ಪೊಟ್ಟಣಗಳ ಲೆಕ್ಕದ ಮೇಲೆಯೇ ಇರುವುದರಿಂದ ಬಚ್ಚಿಡುವ ಆಸೆ ಉಳಿದೇ ಇದೆ. ಇನ್ನೊಂದು ಭಯವೂ ನಮಗಿದೆ. ಯಂತ್ರಕ್ಕೆ ತಿಂಗಳಿಗಿಷ್ಟು ಎಂದು ಕಟ್ಟಲಾಗದ ಸಣ್ಣ ತಯಾರಕರು ಬಾಗಿಲು ಹಾಕಿ ನಾಲ್ಕಾರು ದೊಡ್ಡವರೇ ಉಳಿದರೆ, ಅಡಿಕೆಯ ದರ ಅವರು ಹೇಳಿದ್ದೇ ಆದೀತು.

ಆದ್ದರಿಂದ ನಮ್ಮ ಜನಪ್ರತಿನಿಧಿಗಳು ದೆಹಲಿಯಲ್ಲಿ ಮೊದಲು ಕೇಳಬೇಕಾದದ್ದು ಶೇ 5ನ್ನು ಶೇ 2ಕ್ಕೆ ಇಳಿಸಿ ಎಂದಲ್ಲ. ಕಾರ್ಖಾನೆಗೆ ಒಳಹೋಗುವ ಅಡಿಕೆಯನ್ನೂ ಹೊರಬರುವ ಮಾಲನ್ನೂ ಈ-ವೇ ಬಿಲ್ ಹಿಡಿದು ತಾಳೆ ನೋಡಿ, ತಪಾಸಣೆ ಅಲ್ಲಿ ನಡೆಯಲಿ, ಚೀಲ ಹೊತ್ತು ಮಂಡಿಗೆ ಬರುವ ರೈತನ ಮೇಲೆ ಬೇಡ ಎಂದು ಕೇಳಬೇಕು. ಬಿಲ್ ಹಾಕಿ ಕೊಳ್ಳುವ ಸಂಘಗಳಿಗೆ ಅಡಿಕೆ ತಂದ ದಿನವೇ ಬೆಳೆಗಾರರಿಗೆ ಪೂರ್ತಿ ಹಣ ಪಾವತಿಸಲು ರಾಜ್ಯ ಸರ್ಕಾರ ಕಡಿಮೆ ಬಡ್ಡಿಯ ದುಡಿಯುವ ಬಂಡವಾಳ ಒದಗಿಸಬೇಕು. ಮುಂದಿನ ಕೊಯ್ಲಿನ ಒಳಗೆ ಇದಾಗಬೇಕು.